ಅಮ್ಮನ ಸೊಂಟಕ್ಕೆ ತುಂಬಿದ ಸಿಮೆಂಟು

ನಗರಗೆರೆಯ ಮನೆಯಲ್ಲಿ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದಾಗ ನಾನು ಚಿಂತಾಮಣಿಯ ಶಾಲೆಯಲ್ಲಿ ವಿಜ್ಞಾನದ ಪಾಠ ಮಾಡುತ್ತಿದ್ದೆ. ಅಪ್ಪ ಫೋನ್ ಮಾಡಿದರು. "ನಿಮ್ಮಮ್ಮ ಏಳ್ತಿಲ್ಲ ಕಣಮ್ಮ. ಬಲಗಾಲು ಗಿಡ್ಡ ಆದಂಗೆ ಕಾಣ್ತದೆ, ಪಾದ ಆಚೆಗೆ ತಿರುಗೈತೆ." ಅವರು ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಗೋಡೆ ಬೆರಳಗಲ ವಾಲಿದ್ದರೂ ಬೀದಿಯಲ್ಲಿ ನಿಂತೇ ಹೇಳಿಬಿಡುತ್ತಿದ್ದರು.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ತೊಡೆಮೂಳೆಯ ಕುತ್ತಿಗೆ ಮುರಿದಿದೆ, ಮೇಲಿನ ಗುಂಡು ತೆಗೆದು ಲೋಹದ್ದು ಕೂರಿಸಬೇಕು, ಮೂಳೆ ಸವೆದಿರುವುದರಿಂದ ಅದು ಅಲುಗಾಡದಂತೆ ಸಿಮೆಂಟು ತುಂಬಬೇಕು ಎಂದರು.

ಅಪ್ಪ ಕುರ್ಚಿಯ ಅಂಚಿಗೆ ಬಂದರು. "ಸಿಮೆಂಟಾ? ಎಷ್ಟು ದಿನ ನೀರು ಹಾಕ್ಬೇಕು ಮೇಡಂ?"

ಡಾಕ್ಟರು ನಗಲಿಲ್ಲ. "ನೀರು ಬೇಡ ತಾತ. ಪುಡಿಗೆ ಒಂದು ದ್ರವ ಬೆರೆಸ್ತೀವಿ. ಹತ್ತು ಹದಿನೈದು ನಿಮಿಷದಲ್ಲಿ ಗಟ್ಟಿ ಆಗತ್ತೆ."

ಆಮೇಲೆ ಅವರು ನಿಧಾನವಾಗಿ ಅಪಾಯವನ್ನೂ ಹೇಳಿದರು. ಸಿಮೆಂಟನ್ನು ಒತ್ತಿ ತುಂಬುವಾಗ ಮೂಳೆಯೊಳಗಿನ ಕೊಬ್ಬಿನ ಕಣ, ಗಾಳಿ ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಹೋಗಬಹುದು. ಬಿಪಿ ಕುಸಿಯಬಹುದು. ಅಪರೂಪಕ್ಕೆ ಹೃದಯವೇ ನಿಲ್ಲಬಹುದು.

ಹೆದರಿದಾಗ ಅಪ್ಪನ ಮಾತಿನಲ್ಲಿ ತೆಲುಗು ಬೆರೆಯುತ್ತದೆ. "ಒತ್ತಿದ್ರೆ ಒಳಗಿನ ಗಾಳಿ ಎಲ್ಲಾದ್ರೂ ಹೋಗ್ಲೇಬೇಕು ಕದಾ? ಕಂಬದ ಗುಂಡಿಗೆ ಗಾರೆ ಹೊಯ್ಯೋವಾಗ ನಾವು ತಳದಿಂದ ತುಂಬ್ಕೊಂಡು ಬರ್ತೀವಿ. ನೀವು?"

ಡಾಕ್ಟರು ಪೆನ್ನು ಕೆಳಗಿಟ್ಟರು. "ನಾವೂ ಹಂಗೇ ತಾತ. ಮೊದಲು ಒಳಗೆಲ್ಲಾ ತೊಳೀತೀವಿ. ಆಮೇಲೆ ನಳಿಗೆ ಇಟ್ಟು ತಳದಿಂದ ಮೇಲಕ್ಕೆ ತುಂಬ್ತೀವಿ. ಇಷ್ಟೆಲ್ಲಾ ಮಾಡಿದ್ರೂ ತೊಂದರೆ ಆಗಬಹುದು, ಅದಕ್ಕೇ ಹೇಳ್ತಿದೀನಿ."

"ಸಿಮೆಂಟಿಲ್ದೆ ಆಗಲ್ವಾ?" ಎಂದು ನಾನು ಕೇಳಿದೆ.

"ಆಗತ್ತೆ. ಆದ್ರೆ ಇವರ ಮೂಳೆ ಮತ್ತೆ ಸೀಳೋ ಸಾಧ್ಯತೆ ಜಾಸ್ತಿ."

ಅಪ್ಪ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಆಪರೇಷನ್. ಅಮ್ಮನಿಗೆ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರು. ಒಳಗೆ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. "ಸಿಮೆಂಟ್ ಹಾಕ್ತಿದೀನಿ" ಎಂದು ಡಾಕ್ಟರು ಗಟ್ಟಿಯಾಗಿ ಸಾರಿದರಂತೆ. ಗೋಡೆಗೆ ಹೊಸದಾಗಿ ಬಳಿದ ಬಣ್ಣದಂಥ ಘಾಟು ಮೂಗಿಗೆ ಬಡಿಯಿತಂತೆ. "ಆಮೇಲೆ ಉಸಿರು ಸಾಲ್ದೇ ಹೋಯ್ತು ಕಣೇ. ತಲೆ ಹತ್ರ ನಿಂತಿದ್ದೋರು ಏನೇನೋ ನಂಬರ್ ಹೇಳ್ತಿದ್ರು. ಯಾಕಿಷ್ಟು ಲೆಕ್ಕ ಹಾಕ್ತಾರೆ ಅಂದ್ಕೊಂಡೆ. ಮುಂದಕ್ಕೆ ನೆನಪಿಲ್ಲ."

ಆ ನಂಬರು ಅವಳ ಬಿಪಿಯದು. ಹೊರಗೆ ಬೆಂಚಿನ ಮೇಲಿದ್ದ ನಮಗೆ ಗೊತ್ತಾದದ್ದು, ನರ್ಸೊಬ್ಬರು ಓಡಿ ಹೋಗಿ ಏನನ್ನೋ ಹಿಡಿದು ಓಡಿ ಬಂದದ್ದು ಮಾತ್ರ. ಅಪ್ಪ ಎದ್ದು ನಿಂತರು, ಮತ್ತೆ ಕೂರಲೇ ಇಲ್ಲ.

ಮುಕ್ಕಾಲು ಗಂಟೆಯ ನಂತರ ಡಾಕ್ಟರು ಹೊರಗೆ ಬಂದರು. ಬಿಪಿ ಬಿದ್ದಿತ್ತು, ಆಕ್ಸಿಜನ್ ಇಳಿದಿತ್ತು, ಔಷಧಿ ಕೊಟ್ಟ ಮೇಲೆ ಎರಡೂ ಚೇತರಿಸಿಕೊಂಡಿವೆ, ಎರಡು ದಿನ ಐಸಿಯುನಲ್ಲಿ ನೋಡಿಕೊಳ್ಳಬೇಕು ಎಂದರು. ಅಪ್ಪ, "ಉಳಿದ ಸಿಮೆಂಟು ಒಂಚೂರು ನೋಡ್ಬಹುದಾ?" ಎಂದರು. ನನಗೆ ನಾಚಿಕೆಯಾಯಿತು. ಆದರೆ ನನಗೂ ನೋಡಬೇಕಿತ್ತು.

ಗಟ್ಟಿಯಾಯಿತೇ ಎಂದು ತಿಳಿಯಲು ಡಾಕ್ಟರು ಕೈಯಲ್ಲೇ ಒಂದು ಉಂಡೆ ಇಟ್ಟುಕೊಂಡಿರುತ್ತಾರಂತೆ. ನರ್ಸು ಅದನ್ನು ಸ್ಟೀಲ್ ತಟ್ಟೆಯಲ್ಲಿ ತಂದು ತೋರಿಸಿದರು. ಬೆಣ್ಣೆಯ ಬಣ್ಣ. ಅಪ್ಪ ಉಗುರಿನಿಂದ ಕುಟ್ಟಿ ಕೇಳಿಸಿಕೊಂಡರು. "ಇದು ಅಂಟಲ್ಲ ಕಣಮ್ಮ. ಸಂದು ತುಂಬಿ ಹಿಡ್ಕೊಳ್ತದೆ," ಎಂದರು. ಆ ಸಂಜೆ ನಾನು ಈ ಸಿಮೆಂಟಿನ ಬಗ್ಗೆ ಓದಿ ನೋಡಿದೆ. ಅಪ್ಪ ಹೇಳಿದ್ದು ಸರಿಯಾಗಿತ್ತು.

ಅಮ್ಮ ನಾಲ್ಕನೇ ದಿನ ವಾಕರ್ ಹಿಡಿದು ನಿಂತಳು. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ಒಂದು ತಿಂಗಳು ಉಳಿದಿತ್ತು.

ಆರು ವಾರದ ತಪಾಸಣೆಯಲ್ಲಿ ಡಾಕ್ಟರು, ಏನಾದರೂ ಕೇಳುವುದಿದೆಯಾ ಎಂದರು. ಅಪ್ಪ ಬಾಯಿ ತೆರೆಯುವ ಮೊದಲೇ ಅಮ್ಮ ಕೇಳಿದಳು: "ನಾನು ಹೋದ್ಮೇಲೆ ಸುಡ್ತಾರಲ್ಲ, ಆಗ ಈ ಸಿಮೆಂಟು ಏನಾಗತ್ತಮ್ಮ?"

ಡಾಕ್ಟರು ಸ್ವಲ್ಪ ಯೋಚಿಸಿದರು. "ಲೋಹ ಉಳಿಯತ್ತೆ ಅಮ್ಮ. ಸಿಮೆಂಟು ಉರಿದು ಹೋಗತ್ತೆ ಅನ್ಸತ್ತೆ. ನಂಗೂ ಖಚಿತವಾಗಿ ಗೊತ್ತಿಲ್ಲ, ಓದಿ ಹೇಳ್ತೀನಿ."

"ನಿಧಾನಕ್ಕೆ ಹೇಳಿ, ಅರ್ಜೆಂಟಿಲ್ಲ," ಎಂದಳು ಅಮ್ಮ.