ಗೆರೆ ಮುಟ್ಟಿದ ಚೆಂಡು

ಟೆನಿಸ್ ಕ್ಲಬ್ಬಿನಲ್ಲಿ ನನ್ನ ಕೆಲಸ ಫೋನ್ ಎತ್ತಿ ಕೋರ್ಟ್ ಬುಕ್ ಮಾಡುವುದು. ಆಟ ಬರುವುದಿಲ್ಲ, ಒಮ್ಮೆ ರಾಕೆಟ್ ಬೀಸಿದಾಗ ಚೆಂಡಿಗಿಂತ ಮೊದಲು ನನ್ನ ಕನ್ನಡಕ ಬಲೆ ದಾಟಿತ್ತು. ಕೆಲಸ ಕೊಡಿಸಿದ್ದು ಸೋದರಮಾವ. ಅವನು ಇಲ್ಲಿ ಮಣ್ಣಿನ ಕೋರ್ಟ್ ನೋಡಿಕೊಳ್ಳುತ್ತಾನೆ: ನೀರು ಹಾಕುವುದು, ರೋಲರ್ ಎಳೆಯುವುದು, ಗೆರೆಯಾಗಿ ಮೊಳೆ ಹೊಡೆದ ಬಿಳಿ ಪಟ್ಟಿಗಳನ್ನು ಗುಡಿಸುವುದು.

ಟಿ.ವಿ.ಯಲ್ಲಿ ದೊಡ್ಡ ಪಂದ್ಯ ಬಂದರೆ ಮಾವ ನೆಲವನ್ನಷ್ಟೇ ನೋಡುತ್ತಾನೆ. ಹುಲ್ಲಿನ ಮೇಲೆ ಚೆಂಡು ಏಳದೆ ಜಾರುತ್ತದೆ, ಬಿರುಸಿನ ಸರ್ವ್ ಇದ್ದವನಿಗೆ ಸುಗ್ಗಿ. ಮಣ್ಣಿನಲ್ಲಿ ನಿಧಾನಿಸಿ ಭುಜದೆತ್ತರ ಏಳುತ್ತದೆ, ಎಷ್ಟು ಬಾರಿಸಿದರೂ ವಾಪಸ್ ಹಾಕುವ ಹಠಮಾರಿ ಗೆಲ್ಲುತ್ತಾನೆ. ಗಟ್ಟಿ ನೆಲದಲ್ಲಿ ಚೆಂಡು ಹೇಳಿದ ಮಾತು ಕೇಳುತ್ತದೆ, ನೇರ ಹೊಡೆತದವರಿಗೆ ಅದೇ ಬೇಕು. ಆದರೆ ಅಲ್ಲಿ ಚೆಂಡು ಬಿದ್ದ ಗುರುತು ಉಳಿಯುವುದಿಲ್ಲ ಎಂದು ಎದ್ದುಹೋಗುತ್ತಾನೆ.

ಹತ್ತೊಂಬತ್ತು ವರ್ಷದ ಹಿಂದೆ ಅವನು ಗೆರೆ ಕಾಯುವ ಅಂಪೈರ್. ಗಟ್ಟಿ ಕೋರ್ಟಿನಲ್ಲಿ ಫೈನಲ್. ಹುಲ್ಲಿನಲ್ಲಿ ಆಡಿ ಬೆಳೆದ ಒಬ್ಬ ಹುಡುಗಿ ಎಂದಿನಂತೆ ಚೆಂಡನ್ನು ಅಡಿಯಿಂದ ಕೊಯ್ದಂತೆ ಸ್ಲೈಸ್ ಮಾಡಿ ಕಳಿಸುತ್ತಿದ್ದಳು; ಅಲ್ಲಿ ಅವು ಜಾರದೆ ಎದ್ದೆದ್ದು ನಿಲ್ಲುತ್ತಿದ್ದವು. ಕೊನೆಯ ಪಾಯಿಂಟಿನಲ್ಲಿ ಮಾವ ಕೈ ಚಾಚಿ ಔಟ್ ಅಂದ. ಅವಳು ಸೋತಳು, ಮತ್ತೆ ಆಡಲಿಲ್ಲ. ಮಾವನಿಗೆ ಅನುಮಾನವೇ ಇರಲಿಲ್ಲ. ಕ್ಲಬ್ಬಿಗೆ ಸೇರಿದ ಮೇಲೆ ಒಂದು ಬೆಳಿಗ್ಗೆ, ಪಟ್ಟಿಗೆ ತಾಗಿದ ಚೆಂಡೊಂದು ಸರ್ರನೆ ಜಾರಿದ್ದನ್ನು ಕಂಡ. ಗಟ್ಟಿ ನೆಲದಲ್ಲೂ ಬಣ್ಣದ ಗೆರೆ ನುಣುಪು. ಅವಳ ಆ ಒಂದು ಚೆಂಡು ಮಾತ್ರ ಎದ್ದಿರಲಿಲ್ಲ. ಅಂದರೆ ಅದು ಗೆರೆ ಮುಟ್ಟಿತ್ತು ಎಂದು ಪೊರಕೆ ಹಿಡಿದು ನಿಂತವನಿಗೆ ಆಗ ಹೊಳೆಯಿತಂತೆ.

ಆಮೇಲಿಂದ ಖಾಲಿ ಕೋರ್ಟಿನತ್ತ ಕಿವಿಗೊಟ್ಟು, ಚೆಂಡು ಬಿದ್ದ ಸದ್ದಾಯಿತಲ್ಲವೇ ಎಂದು ನನ್ನನ್ನು ಕೇಳುತ್ತಾನೆ. ಮಹಾ ಧೈರ್ಯಸ್ಥನಾದ ನಾನು ಇಲ್ಲವೆಂದು ಹೇಳಿ, ರಿಂಗಾಗದ ಫೋನ್ ಎತ್ತಲು ಓಡುತ್ತೇನೆ.

ಹೋದ ತಿಂಗಳು, ಅಂದು ಸೋತಿದ್ದ ಆಕೆಯೇ ತನ್ನ ಮಗಳನ್ನು ಆಡಿಸಲು ಇಲ್ಲಿಗೇ ಬರತೊಡಗಿದಳು. ಆಕೆ ಗೇಟು ದಾಟಿದರೆ ಮಾವ ರೋಲರ್ ಶೆಡ್ಡಿನೊಳಗೆ. ನನ್ನಮ್ಮನಿಗೆ ಸಾಕಾಯಿತು. "ಅಣ್ಣಾ, ಶೆಡ್ಡಲ್ಲಿ ಬಚ್ಚಿಟ್ಕೊಳ್ಳೋ ವಯಸ್ಸಾ ಇದು? ಹೋಗಿ ಹೇಳ್ಬಿಡು."

ಮರುದಿನ ಮಾವ ನನಗೆ, ಆಕೆ ಬಂದರೆ ಮಣ್ಣಿನ ಕೋರ್ಟ್ ಕೊಡು ಎಂದ. ಕೊಟ್ಟೆ. ನೀರಿನ ಪೈಪು ಹಿಡಿದೇ ಹತ್ತಿರ ಹೋದ.

"ಆ ಫೈನಲ್ಲಲ್ಲಿ ಗೆರೆ ಹತ್ರ ಇದ್ದೋನು ನಾನಮ್ಮ. ನಿಮ್ಮ ಬಾಲು ಔಟಲ್ಲ."

"ಗೊತ್ತು. ಅದು ಏಳ್ಲೇ ಇಲ್ವಲ್ಲ."

"ನಂಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ."

ಆಕೆ ಆಗ ಅವನ ಮುಖ ನೋಡಿದಳು. "ಹೌದಾ? ಗೊತ್ತಿದ್ದೂ ಬೇಕಂತ ಔಟ್ ಅಂದ್ರಿ ಅಂದ್ಕೊಂಡಿದ್ದೆ. ಅದಕ್ಕೇ ಆಟ ಬಿಟ್ಟಿದ್ದು."

ಪೈಪಿನ ನೀರು ಮಾವನ ಚಪ್ಪಲಿಯ ಸುತ್ತ ಕೆಸರು ಮಾಡಿತು.

ಈಗ ಅವನು ಶೆಡ್ಡಿಗೆ ಓಡುವುದಿಲ್ಲ. ಆಕೆಯ ಮಗಳು ಔಟೋ ಅಲ್ಲವೋ ಎಂದು ಕೂಗಿ ಕೇಳಿದರೆ ಬಾಯಿ ಬಿಡದೆ ಮಣ್ಣಿನ ಮೇಲಿನ ಗುರುತು ತೋರಿಸುತ್ತಾನೆ. ತಾಯಿ ಆಚೆ ಬದಿಯಿಂದ ನಡೆದು ಬಂದು, ತಾನೇ ಬಗ್ಗಿ ನೋಡುತ್ತಾಳೆ.