ಬೋಣಿ ಗುಂಡು

ಇಪ್ಪತ್ತೆಂಟು ವರ್ಷ ಲೋಹ ಅಳೆದವನಿಗೆ ಒಂದು ಕಾಯಿಲೆ ಅಂಟುತ್ತದೆ. ಹೋಟೆಲಿನ ಮೇಜು ಕೂದಲೆಳೆಯಷ್ಟು ವಾಲಿದ್ದರೂ ಟೀ ರುಚಿಸುವುದಿಲ್ಲ. ಶಿವಾಜಿನಗರದಿಂದ ದೊಡ್ಡನೆಕ್ಕುಂದಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವನಿಗೆ ಆ ಕಾಯಿಲೆ ತಾನಾಗಿಯೇ ವಾಸಿಯಾಗಬೇಕಿತ್ತು. ದಾರಿಯಲ್ಲಿ ಸಿಗುವ ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಯಾವ ಅಳತೆಗೂ ಬೆಲೆಯಿಲ್ಲ. ನನಗೆ ವಾಸಿಯಾಗಲಿಲ್ಲ. ದೂರದ ಗುರಿಗೆಂದೇ ರೈಫಲ್ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಪರೀಕ್ಷೆಯ ವಿಭಾಗ ನೋಡಿಕೊಳ್ಳುತ್ತೇನೆ. ಮಾಡಿದ ರೈಫಲ್ಲನ್ನು ಹೊಡೆದು ನೋಡಿ, ರಿಜಿಸ್ಟರಿನಲ್ಲಿ ಬರೆದು, ಕೆಳಗೆ ಸಹಿ ಹಾಕುವುದು ನನ್ನ ಕೆಲಸ.

ಮದುವೆ ಮನೆಗಳಲ್ಲಿ ನೆಂಟರಿಗೆ ಇದು ಗೊತ್ತಾದರೆ ಬಿರಿಯಾನಿ ಆರುವ ತನಕ ಬಿಡುವುದಿಲ್ಲ. ಎಷ್ಟು ದೂರ ಹೋಗುತ್ತೆ ಎಂದು ಕೇಳುತ್ತಾರೆ. ಹೋಗುವುದೇನು ದೊಡ್ಡ ವಿಷಯವಲ್ಲ, ಬೇಕಾದ ಕಡೆ ಹೋಗಬೇಕಲ್ಲ. ಒಂದೂವರೆ ಕಿಲೋಮೀಟರ್ ದೂರಕ್ಕೆ ಗುಂಡು ಮುಟ್ಟಲು ಎರಡೂವರೆ ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಅದು ಏಳಂತಸ್ತಿನ ಕಟ್ಟಡದಷ್ಟು ಕೆಳಗೆ ಬಿದ್ದಿರುತ್ತದೆ. ಆ ಬೀಳುವಿಕೆಗೆ ಲೆಕ್ಕವಿದೆ, ಮೊಬೈಲೇ ಹೇಳುತ್ತದೆ. ಗಾಳಿಗೆ ಲೆಕ್ಕವಿಲ್ಲ. ಕೆನ್ನೆಗೆ ತಾಕಿತೋ ಇಲ್ಲವೋ ಅನ್ನುವಂಥ ಗಾಳಿಯೂ ಆ ದೂರದಲ್ಲಿ ಗುಂಡನ್ನು ಒಬ್ಬ ಮನುಷ್ಯನ ಅಗಲಕ್ಕಿಂತ ಆಚೆ ತಳ್ಳುತ್ತದೆ. ನಾವು ಮಲಗಿರುವಲ್ಲಿ ಒಂದು ಗಾಳಿ, ನಡುವಿನ ಹಳ್ಳದಲ್ಲಿ ಇನ್ನೊಂದು, ಗುರಿಯ ಹತ್ತಿರ ಮತ್ತೊಂದು. ಇಷ್ಟು ಹೇಳುವಷ್ಟರಲ್ಲಿ ನೆಂಟರು ಫಿರ್ನಿಯ ಕಡೆ ಎದ್ದು ಹೋಗಿರುತ್ತಾರೆ.

ಇನ್ನು ನಮ್ಮ ಬೋಣಿಯ ವಿಷಯ. ಉಜ್ಜಿ, ಎಣ್ಣೆ ಹಚ್ಚಿಟ್ಟ ತಣ್ಣನೆಯ ರೈಫಲ್ಲಿನ ಮೊದಲ ಗುಂಡು ಯಾವಾಗಲೂ ಸ್ವಲ್ಪ ಬೇರೆ ಕಡೆ ಹೋಗುತ್ತದೆ. ಒಳಗಿನ ಎಣ್ಣೆ ಸುಟ್ಟು, ಬ್ಯಾರಲ್ ಬೆಚ್ಚಗಾದ ಮೇಲೆ ಉಳಿದವು ಒಂದೇ ಕಡೆ ಗುಂಪಾಗಿ ಬೀಳುತ್ತವೆ. ಆ ಮೊದಲನೆಯದಕ್ಕೆ ಬೋಣಿ ಎಂದು ಹೆಸರಿಟ್ಟವನು ನಾನೇ. ನಮ್ಮ ಅಬ್ಬಾಗೆ ಮಾರ್ಕೆಟ್ಟಿನ ಹಿಂದೆ ಚಪ್ಪಲಿ ಅಂಗಡಿಯಿತ್ತು. ಬೆಳಗಿನ ಮೊದಲ ಗಿರಾಕಿ ಎಷ್ಟಕ್ಕೆ ಕೇಳಿದರೂ ಅವರು ಚೌಕಾಸಿ ಮಾಡದೆ ಕೊಟ್ಟುಬಿಡುತ್ತಿದ್ದರು. ಹಾಗೆಯೇ ನಾವೂ ಮೊದಲ ಗುಂಡನ್ನು ಲೆಕ್ಕವಿಡದೆ ಬಿಟ್ಟುಬಿಡುತ್ತಿದ್ದೆವು. ಬೋಣಿ ಆದ ಮೇಲೆ ಐದು ಗುಂಡು ಹೊಡೆದು, ಐದನ್ನು ಬರೆಯುವುದು ನಮ್ಮ ಪದ್ಧತಿ. ರಿಜಿಸ್ಟರಿನ ಹಾಳೆಗೆ ಗೆರೆ ಹಾಕಿದವನೂ ನಾನೇ. ಅದರಲ್ಲಿ ಐದೇ ಸಾಲು.

ಕಳೆದ ವರ್ಷ ನಮ್ಮ ಯಜಮಾನರಿಗೆ ಒಂದು ದೊಡ್ಡ ಆರ್ಡರಿನ ಆಸೆ ಹತ್ತಿತು. ಒಂದೂವರೆ ಕಿಲೋಮೀಟರಿಗೆ ಮೊದಲ ಗುಂಡಿಗೇ ಗುರಿ ಎಂದು ಸರ್ಟಿಫಿಕೇಟ್ ಕೊಡಬೇಕು ಅಂದರು. ಕಾರ್ಖಾನೆಯೊಳಗಿನ ನೂರು ಮೀಟರಿನ ಸುರಂಗದಲ್ಲಿ ನಮ್ಮ ಐದು ಗುಂಡುಗಳು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುತ್ತಿದ್ದವು. ಅದನ್ನು ಹದಿನೈದರಿಂದ ಗುಣಿಸಿ, ಸಾಕಲ್ಲ ಭಾಯ್, ಎಂದರು ಯಜಮಾನರು. ಸುರಂಗದಲ್ಲಿ ಗಾಳಿ ಇರುವುದಿಲ್ಲ ಸಾರ್, ಎಂದೆ. ಅವರು ನಕ್ಕರು. ಅವರ ನಗುವಿನ ಎದುರು ವಾದ ಮಾಡುವ ಶಕ್ತಿ ನನ್ನಲ್ಲಿ ಎಂದೋ ಮುಗಿದುಹೋಗಿತ್ತು.

ರೈಫಲ್ ನೋಡಲು ಸೈನ್ಯದಿಂದ ಒಬ್ಬ ಸುಬೇದಾರರು ಬಂದರು. ಹಾಸನದ ಕಡೆಯವರು, ಮಾತು ಕಡಿಮೆ. ಕೋಲಾರದ ಆಚೆ, ಬೋಳು ಗುಡ್ಡದ ಕೆಳಗಿನ ಮೈದಾನಕ್ಕೆ ಅವರನ್ನು ಕರೆದುಕೊಂಡು ಹೋದೆ. ಬೆಳಿಗ್ಗೆ ಅವರು ಮಲಗಿ, ಬಹಳ ಹೊತ್ತು ಹುಲ್ಲು ಬಾಗುವುದನ್ನೇ ನೋಡಿ, ಒಂದು ಗುಂಡು ಹೊಡೆದರು. ಒಂದೂವರೆ ಕಿಲೋಮೀಟರ್ ಆಚೆ, ಕಬ್ಬಿಣದ ತಟ್ಟೆಯ ಬಲಕ್ಕೆ ಮಣ್ಣು ಎದ್ದಿತು. ಮುಂದಿನದನ್ನು ಹೊಡೆಯುತ್ತಾರೆಂದು ನಾನು ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಅವರು ಎದ್ದು ಕೂತು, ರೈಫಲ್ ಬಿಚ್ಚಿ ಉಜ್ಜತೊಡಗಿದ್ದರು. ಎಣ್ಣೆ ಹಚ್ಚಿ, ನೆರಳಿನಲ್ಲಿಟ್ಟು, ಅದು ಪೂರ್ತಿ ಆರುವವರೆಗೆ ಕಡಲೆಕಾಯಿ ಸುಲಿಯುತ್ತ ಕೂತರು. ಆಮೇಲೆ ಮತ್ತೆ ಒಂದೇ ಗುಂಡು. ಮತ್ತೆ ಬಲಕ್ಕೇ. ಮತ್ತೆ ಉಜ್ಜಿದರು. ಸಂಜೆಯೊಳಗೆ ಹೀಗೆ ಮೂರು ಹೊಡೆದರು, ಒಂದೂ ತಾಗಲಿಲ್ಲ. ನನ್ನ ಸಮಾಧಾನಕ್ಕೋ ಏನೋ, ಮೂರನೆಯದರ ಹಿಂದೆಯೇ ಇನ್ನೊಂದು ಹೊಡೆದರು. ಅದು ತಾಗಿತು. ತಾಗಿ ನಾಲ್ಕು ಸೆಕೆಂಡ್ ಕಳೆದ ಮೇಲೆ ಟಣ್ ಎಂಬ ಸದ್ದು ನಮ್ಮ ತನಕ ಬಂತು.

ಅವರು ರಿಜಿಸ್ಟರ್ ಕೇಳಿದರು. ಕೊಟ್ಟೆ. ನಿಧಾನವಾಗಿ ಹಾಳೆ ತಿರುವಿದರು.

"ಸಾರ್, ಇದ್ರಲ್ಲಿ ಒಂದನೇ ಗುಂಡು ಎಲ್ಲಿದೆ?"

"ಇದೇ ಅಲ್ವಾ, ಮೇಲಿನ ಸಾಲು."

"ಇದು ಎರಡನೇದು."

ನಾನು ಬೋಣಿಯ ಕಥೆ ಹೇಳಿದೆ, ಅಬ್ಬಾನ ಅಂಗಡಿಯನ್ನೂ ಸೇರಿಸಿ. ಅವರು ಪೂರ್ತಿ ಕೇಳಿಸಿಕೊಂಡರು.

"ನಾನು ಒಂದ್ಸಲ ಮೂರು ದಿನ ಕಲ್ಲು ಸಂದೀಲಿ ಮಲ್ಕೊಂಡಿದ್ದೆ ಸಾರ್," ಎಂದರು. "ಮೂರನೇ ದಿನ ಒಂದೇ ಒಂದು ಗುಂಡು ಹೊಡೆಯೋಕಾಯ್ತು. ಅಲ್ಲಿ ಎರಡನೇದಕ್ಕೆ ಯಾರೂ ಟೈಮ್ ಕೊಡಲ್ಲ. ಹೊಡೆದಿದ್ದು ತಪ್ಪಿದ್ರೆ ನಾವು ಎಲ್ಲಿದೀವಿ ಅಂತ ಎದುರಿನವ್ರಿಗೆ ಗೊತ್ತಾಗೋಗುತ್ತೆ, ಅಷ್ಟೇ."

ಗದರಿಸಿದ್ದರೆ ಸುಲಭವಾಗುತ್ತಿತ್ತು. ಅವರು ಗದರಿಸಲಿಲ್ಲ. ವಾಪಸು ಬರುವಾಗ ಕೆ.ಆರ್. ಪುರದ ಸೇತುವೆಯ ಕೆಳಗೆ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಜೀಪು ನಿಂತಿತ್ತು. ಪಕ್ಕದಲ್ಲಿ ಅವರು ಕೂತೇ ನಿದ್ದೆ ಹೋಗಿದ್ದರು. ಕೂದಲೆಳೆ ಅಳೆಯುತ್ತೇನೆಂದು ಮೆರೆದವನು ಒಂದಿಡೀ ಗುಂಡನ್ನು ಬರೆಯದೆ ಬಿಟ್ಟಿದ್ದೆ, ವರ್ಷಗಟ್ಟಲೆ. ನನಗೆ ತುಂಬಾ ನಾಚಿಕೆಯಾಯಿತು.

ಮರುದಿನ ಯಜಮಾನರು ಸರ್ಟಿಫಿಕೇಟನ್ನು ನನ್ನ ಮುಂದಿಟ್ಟರು. ನಾನು ಒಂದೂವರೆ ಕಿಲೋಮೀಟರ್ ಅನ್ನುವುದನ್ನು ಹೊಡೆದುಹಾಕಿ, ಎಂಟು ನೂರು ಮೀಟರ್ ಎಂದು ಬರೆದೆ. ಅಲ್ಲಿಯವರೆಗೆ ಮೊದಲ ಗುಂಡಿನ ಜವಾಬ್ದಾರಿ ಹೊರಬಲ್ಲೆ ಅನ್ನಿಸಿತ್ತು.

"ಭಾಯ್, ಎಂಟ್ನೂರು ಎಲ್ರೂ ಕೊಡ್ತಾರೆ. ಆರ್ಡರ್ ಹೋಗ್ಬಿಡುತ್ತೆ."

"ಹೋಗ್ಲಿ ಸಾರ್. ಮೊದಲ್ನೇದು ತಾಗಲ್ಲ. ನಾನು ನೋಡ್ದೆ."

"ಇಷ್ಟ್ ವರ್ಷ ತಾಗ್ತಿತ್ತಾ?"

ಯಜಮಾನರು ಕೂಗಾಡಲಿಲ್ಲ. ಕಾಗದ ಎತ್ತಿಕೊಂಡು ಹೋದರು. ಮಹದೇವಪುರದ ನಮ್ಮ ಆಫೀಸಿನಲ್ಲಿ ಬೇರೆಯವರ ಕೈಲಿ ಹೊಸದಕ್ಕೆ ಸಹಿ ಹಾಕಿಸಿದರೆಂದು ವಾರದ ಮೇಲೆ ತಿಳಿಯಿತು. ನನಗೆ ಸಿಟ್ಟೂ ಬರಲಿಲ್ಲ, ಬರೀ ಸುಸ್ತಾಯಿತು. ಆ ದಿನ ಊಟದ ಹೊತ್ತಿನಲ್ಲಿ ಸುಬೇದಾರರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ನಮ್ಮ ರೈಫಲ್ ನಿಮ್ಮ ಕೈಗೆ ಬಂದರೆ ಮೊದಲ ಗುಂಡು ಬಲಕ್ಕೆ ಹೋಗುತ್ತದೆ, ಕಾಗದ ನಂಬಬೇಡಿ, ಎಂದೆ.

"ನಂಗೊತ್ತು ಸಾರ್, ನಾನು ಹೊಡ್ದು ನೋಡಿದೀನಲ್ಲ," ಎಂದರು. "ಈ ಮೊದ್ಲು ನೀವೇ ಸಹಿ ಹಾಕಿ ಕಳ್ಸಿದ್ದು ಇದಾವಲ್ಲ, ಅವು ಯಾರ ಹತ್ರ ಇದಾವೆ? ಅವ್ರಿಗೆ ಯಾರು ಹೇಳ್ತಾರೆ?"

ಫೋನ್ ಇಟ್ಟು ಹಳೆಯ ರಿಜಿಸ್ಟರುಗಳನ್ನೆಲ್ಲ ಕೆಳಗಿಳಿಸಿದೆ. ಒಂದೊಂದೇ ಹಾಳೆ ನೋಡಿದೆ. ಪ್ರತಿ ರೈಫಲ್ಲಿನ ನಂಬರಿತ್ತು, ಐದೈದು ಗುಂಡಿನ ಅಳತೆಯಿತ್ತು, ಕೆಳಗೆ ನನ್ನ ಸಹಿಯಿತ್ತು. ಆ ರೈಫಲ್ ಹಿಡಿದು ಮಲಗುವವನ ಹೆಸರು ಬರೆಯಲು ಯಾವ ಹಾಳೆಯಲ್ಲೂ ಜಾಗ ಇರಲಿಲ್ಲ.