ತಿರುಗದೆ ನಿಂತ ನಿಮಿಷ

ಗಿರಿಜಾ, ಅಂದು ನಿನ್ನ ಮಾತು ಕೇಳಿ ನನಗೆ ತಿರುಗಬೇಕೆನಿಸಿತ್ತು. ತಿರುಗಲಿಲ್ಲ — ಬೇಕೆಂದೇ ತಿರುಗಲಿಲ್ಲ. ಆಮೇಲೆ ನಿನಗೆ ಕೊಟ್ಟ ಸಲಹೆಯೂ ನಿನ್ನನ್ನು ಕೆಡವಲೆಂದೇ ಕೊಟ್ಟದ್ದು.

ಪೀಣ್ಯದಲ್ಲಿ ನನ್ನ ಶೆಡ್ಡಿನ ಮೇಲಿದ್ದ ಕೋಣೆ ನಿನಗೆ ನೆನಪಿರಬೇಕು. ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದ ನಾವು ನಾಲ್ವರು ಶನಿವಾರ ಸಂಜೆ ಅಲ್ಲಿ ಸೇರುತ್ತಿದ್ದೆವು. ದೊಡ್ಡ ಕಾರ್ಖಾನೆಯ ಪರ್ಚೇಸ್ ಮ್ಯಾನೇಜರ್ ಸಿಕ್ಕ ಒಂದು ನಿಮಿಷದಲ್ಲಿ ನಮ್ಮ ಮಾಲಿನ ಬಗ್ಗೆ ಏನು ಹೇಳಬೇಕು ಎಂದು ಒಬ್ಬರ ಮುಂದೊಬ್ಬರು ಹೇಳಿ, ತಪ್ಪು ತಿದ್ದಿಕೊಳ್ಳುತ್ತಿದ್ದೆವು. ಎಲಿವೇಟರ್ ಪಿಚ್ ಎಂಬ ದೊಡ್ಡ ಹೆಸರು ಬೇರೆ, ಲಿಫ್ಟೇ ಇಲ್ಲದ ಶೆಡ್ಡಿನಲ್ಲಿ. ನಿಯಮ ಮಾತ್ರ ನಮ್ಮದೇ. ಕೇಳುವವರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಮಾತು ಮನಸ್ಸನ್ನು ಹಿಡಿದರೆ ಮಾತ್ರ ತಿರುಗಬೇಕು. ಸ್ನೇಹಕ್ಕೆಂದು ತಿರುಗುವಂತಿಲ್ಲ. ಹಿಡಿದ ಮೇಲೆ ತಿರುಗದೆ ನಿಲ್ಲುವಂತೆಯೂ ಇಲ್ಲ.

ತಗಡು ಒತ್ತುವ ಪ್ರೆಸ್ಸಿನೊಳಗೆ ಕೈ ಇದ್ದರೆ ಯಂತ್ರ ಕೆಳಗಿಳಿಯದಂತೆ ತಡೆಯುವ ಗಾರ್ಡ್ ನಿನ್ನದು. ಅದೇ ಪ್ರೆಸ್ಸಿಗೆ ಕೂರಿಸುವ ಅಚ್ಚು, ಅಂದರೆ ಡೈ, ನನ್ನದು. ಮುಂದಿನ ವಾರ ಬರಲಿದ್ದ ಮ್ಯಾನೇಜರ್ ಎಲ್ಲರ ಮಾತು ಕೇಳಿ, ಒಬ್ಬರನ್ನೇ ಕಾರ್ಖಾನೆಗೆ ಕರೆಯುವವರಿದ್ದರು. ನಿನಗೆ ಅದೇ ಕೊನೆಯ ಅವಕಾಶ. ನಿನ್ನ ಶೆಡ್ಡಿನ ಬಾಡಿಗೆ ಕಟ್ಟಲು ನೀನು ತಾಯಿಯ ಸರ ಮಾರಿದ್ದೆ — ನೀನೇ ನನಗೆ ಹೇಳಿದ್ದೆ.

ನೀನು ಶುರು ಮಾಡಿದ್ದೇ ಹೀಗೆ: "ನನ್ನ ತಮ್ಮ ಪ್ರೆಸ್ ಮೇಲೆ ಕೆಲ್ಸ ಮಾಡ್ತಿದ್ದ. ಈಗ ಅವನಿಗೆ ಅನ್ನ ಕಲಸಿ ತಿನ್ನಿಸೋದು ನಮ್ಮಮ್ಮ."

ಅಕ್ಕಪಕ್ಕದಲ್ಲಿದ್ದ ಇಬ್ಬರೂ ತಿರುಗಿದ್ದು ನನಗೆ ಗೊತ್ತಾಯಿತು. ನನ್ನ ಮೈ ಜುಮ್ಮೆಂದಿತ್ತು. ಇವಳನ್ನೇ ಕರೆಯುತ್ತಾರೆ ಎಂದು ಆ ಕ್ಷಣದಲ್ಲೇ ಹೊಟ್ಟೆಕಿಚ್ಚು ಹತ್ತಿತು. ಗೋಡೆಯ ಸುಣ್ಣ ನೋಡುತ್ತಾ ಕೊನೆಯವರೆಗೂ ಹಾಗೇ ನಿಂತೆ.

ನಾನು ವಯಸ್ಸಿನಲ್ಲಿ ದೊಡ್ಡವನು, ಅನುಭವಸ್ಥ. ನೀನು ನನ್ನನ್ನೇ ಕೇಳಿದೆ, ಯಾಕೆ ತಿರುಗಲಿಲ್ಲ ಎಂದು.

"ಮೊದಲಿಂದು ತೆಗೆದ್ಬಿಡಮ್ಮ," ಎಂದೆ. "ಮನೆ ಕಷ್ಟ ಹೇಳ್ಕೊಂಡ್ರೆ ಅಯ್ಯೋ ಪಾಪ ಅಂತಾರೆ, ಆರ್ಡರ್ ಕೊಡಲ್ಲ."

ತಿರುಗಿದ್ದ ಇಬ್ಬರೂ, ಹೌದು, ತಮಗೂ ಕನಿಕರವೇ ಬಂದದ್ದು ಎಂದು ತಲೆಯಾಡಿಸಿದರು. ನೀನು ಅಲ್ಲೇ ಆ ಮಾತನ್ನು ಬಿಟ್ಟು ಮತ್ತೆ ಹೇಳಿದೆ. ಚೆನ್ನಾಗಿದೆ ಎಂದೆ ನಾನು. ಚೆನ್ನಾಗಿರಲಿಲ್ಲ.

ಮ್ಯಾನೇಜರ್ ಎದುರು ನೀನು ಸೆನ್ಸರ್, ವೈರಿಂಗ್, ಗ್ಯಾರಂಟಿ ಎಂದು ತಪ್ಪಿಲ್ಲದೆ ಒಪ್ಪಿಸಿದೆ. ಅವರು ಮೊಬೈಲ್ ನೋಡುತ್ತಿದ್ದರು. ಕರೆ ಬಂದದ್ದು ನನಗೆ. ವರ್ಷ ತುಂಬುವ ಮೊದಲೇ ನೀನು ಶೆಡ್ ಖಾಲಿ ಮಾಡಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದೆ. ಆ ಕಾರ್ಖಾನೆಯಲ್ಲಿ ನನ್ನ ಡೈ ಇವತ್ತಿಗೂ ಓಡುತ್ತಿದೆ, ಗಾರ್ಡ್ ಇಲ್ಲದ ಪ್ರೆಸ್ಸುಗಳ ಮೇಲೆ. ಅಲ್ಲಿ ಯಾರದಾದರೂ ಕೈ — ನಾನು ಕೇಳಿಲ್ಲ. ಕೇಳಬೇಕಾಗಿ ಬಂದಾಗಲೆಲ್ಲ ಬೇರೆ ಮಾತು ತೆಗೆದಿದ್ದೇನೆ.

ಇಷ್ಟು ವರ್ಷ ನುಂಗಿಕೊಂಡಿದ್ದವನು ಈಗೇಕೆ ಬಾಯಿ ಬಿಡುತ್ತಿದ್ದೇನೆ ಎಂದರೆ — ಹೋದ ತಿಂಗಳು ಜಾಲಹಳ್ಳಿಯ ಬಸ್ ಸ್ಟಾಪಿನಲ್ಲಿ ಸಿಕ್ಕೆಯಲ್ಲ. ನೀನು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅವತ್ತು ಮುಲಾಜಿಲ್ದೆ ನಿಜ ಹೇಳಿದ್ದು ನೀವೊಬ್ರೇ ಅಣ್ಣ," ಎಂದೆ ನೀನು. "ನಮ್ ಸಂಘದ ಹೆಂಗಸರು ಉಪ್ಪಿನಕಾಯಿ, ಬಟ್ಟೆ ಬ್ಯಾಗ್ ಮಾಡ್ತಾರೆ. ಅವರಿಗೂ ನಾನು ಅದನ್ನೇ ಹೇಳ್ಕೊಡ್ತೀನಿ. ಮಾರೋವಾಗ ಮನೆ ಕಷ್ಟ ತರಬೇಡಿ ಅಂತ."

ನಾನು ನಕ್ಕು, ಬಂದ ಬಸ್ಸು ಹತ್ತಿದೆ. ಅದು ನನ್ನ ಬಸ್ಸೂ ಆಗಿರಲಿಲ್ಲ.

ಈ ಭಾನುವಾರ ನಿಮ್ಮ ಸಂಘಕ್ಕೆ ಬರುತ್ತೇನೆ ಗಿರಿಜಾ. ಆ ಹೆಂಗಸರ ಎದುರಿಗೇ ಇದೆಲ್ಲ ಹೇಳುತ್ತೇನೆ. ನೀನು ಗೋಡೆಗೆ ಮುಖ ಮಾಡಿ ನಿಂತರೂ ಹೇಳಿ ಮುಗಿಸುತ್ತೇನೆ. ತಿರುಗು ಎಂದು ಕೇಳುವುದಿಲ್ಲ.